ಯಾರ ಖಾತೆಯಲ್ಲಿ ನಿಂತು ನೋಡುತ್ತಿದ್ದೇನೆ: ನಾನು ಬಿಬಿಎಂ ಓದಿದ ಮೂರು ವರ್ಷ

2014ರಲ್ಲಿ ನಾನು ಮಂಗಳೂರು ವಿಶ್ವವಿದ್ಯಾನಿಲಯವೇ ನೇರವಾಗಿ ನಡೆಸುವ ಘಟಕ ಕಾಲೇಜೊಂದರಲ್ಲಿ ಬಿಬಿಎಂ ಸೇರಿದೆ. ಈಗ ಬಿಬಿಎ ಎಂದು ಕರೆಯುವ ವ್ಯವಹಾರಾಡಳಿತದ ಪದವಿಗೆ ಆಗ ನಮ್ಮಲ್ಲಿದ್ದ ಹೆಸರು ಅದು. ಪಿಯುಸಿಯವರೆಗೆ ನಾನು ಓದಿದ್ದು, ಬರೆದದ್ದು ಎಲ್ಲವೂ ಕನ್ನಡದಲ್ಲಿ. ಅಪ್ಪ ಎರಡು ಹಸು ಸಾಕಿ ಊರಿನ ಹಾಲು ಸೊಸೈಟಿಗೆ ಹಾಲು ಹಾಕುತ್ತಿದ್ದರು, ಅಮ್ಮ ಬೀಡಿ ಕಟ್ಟುತ್ತಿದ್ದಳು. ಬೀಡಿ ಕಾರ್ಮಿಕರ ಮಕ್ಕಳಿಗೆ ಸಿಗುವ ವಿದ್ಯಾರ್ಥಿವೇತನ ಮತ್ತು ಅಮ್ಮ ದಿನಕ್ಕಿಷ್ಟು ಎಂದು ಪಿಗ್ಮಿಗೆ ಕಟ್ಟಿ ಕೂಡಿಟ್ಟ ದುಡ್ಡು, ಇವೆರಡರಿಂದ ನನ್ನ ಮೊದಲ ವರ್ಷದ ಶುಲ್ಕಕ್ಕೆ ಹಣ ಹೊಂದಿಕೆಯಾಯಿತು.

ಮೊದಲ ಸೆಮಿಸ್ಟರಿನಲ್ಲಿ ನಾನು ಅನುತ್ತೀರ್ಣನಾದದ್ದು ಇಂಗ್ಲಿಷಿನಲ್ಲಲ್ಲ, ಫೈನಾನ್ಷಿಯಲ್ ಅಕೌಂಟಿಂಗ್‌ನಲ್ಲಿ. ಪಿಯುಸಿಯಲ್ಲಿ ಲೆಕ್ಕಶಾಸ್ತ್ರಕ್ಕೆ ಒಳ್ಳೆಯ ಅಂಕ ಬಂದಿದ್ದರಿಂದ ಈ ಪೆಟ್ಟು ಜೋರಾಗಿಯೇ ತಗಲಿತು. ಕುಳಿತು ಯೋಚಿಸಿದಾಗ ತಿಳಿದದ್ದೇನೆಂದರೆ, ಡೆಬಿಟ್ ಮತ್ತು ಕ್ರೆಡಿಟ್ ಎಂದರೇನು ಎಂಬುದೇ ನನಗೆ ಅರ್ಥವಾಗಿರಲಿಲ್ಲ. ನಿಯಮಗಳನ್ನು ಬಾಯಿಪಾಠ ಮಾಡಿ ಪಿಯುಸಿ ದಾಟಿದ್ದೆ. ನಗದು ಒಳಗೆ ಬಂದರೆ ನಗದು ಖಾತೆಗೆ ಡೆಬಿಟ್ ಎಂದು ಪುಸ್ತಕ ಹೇಳುತ್ತಿತ್ತು. ಅಮ್ಮನ ಪಾಸ್‌ಬುಕ್ಕಿನಲ್ಲಿ ಹಣ ಕಟ್ಟಿದ ಸಾಲಿನೆದುರು ಕ್ರೆಡಿಟ್ ಎಂದಿತ್ತು. ಕನ್ನಡದ ಪಠ್ಯದಲ್ಲಿ ಕ್ರೆಡಿಟ್ ಎಂದರೆ ಜಮೆ, ಡೆಬಿಟ್ ಎಂದರೆ ಖರ್ಚು. ಹಣ ಬಂದದ್ದು ಹೇಗೆ ಖರ್ಚಾಗುತ್ತದೆ? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಲು ನಾಚಿಕೆಪಟ್ಟು ಒಂದು ಸೆಮಿಸ್ಟರನ್ನೇ ಕಳೆದುಕೊಂಡೆ.

ಕೊನೆಗೆ ದಾರಿ ತೋರಿಸಿದ್ದು ಆ ಪಾಸ್‌ಬುಕ್ಕೇ. ಅದು ಅಮ್ಮನ ಕೈಯಲ್ಲಿರುವ ಪುಸ್ತಕವಾದರೂ ಅಮ್ಮನ ಲೆಕ್ಕವಲ್ಲ, ಅಮ್ಮನ ಬಗ್ಗೆ ಬ್ಯಾಂಕು ಇಟ್ಟುಕೊಂಡ ಲೆಕ್ಕದ ನಕಲು. ಅಮ್ಮ ಕಟ್ಟಿದ ನೂರು ರೂಪಾಯಿ ಬ್ಯಾಂಕಿಗೆ ಸಾಲ, ಎಂದಾದರೂ ತಿರುಗಿ ಕೊಡಬೇಕಾದ ಹೊಣೆ; ಆದ್ದರಿಂದ ಅದು ಅಮ್ಮನ ಹೆಸರಿಗೆ ಜಮೆ. ಅದೇ ಅಮ್ಮ ಮನೆಯಲ್ಲಿ ತನ್ನದೇ ಲೆಕ್ಕ ಬರೆದರೆ ಬ್ಯಾಂಕಿನಲ್ಲಿರುವ ನೂರು ರೂಪಾಯಿ ಅವಳ ಆಸ್ತಿ, ಅಂದರೆ ಡೆಬಿಟ್. ಜಮೆ ಎಂದರೆ ಕೊಟ್ಟವರ ಹೆಸರಿನಲ್ಲಿ ನಿಲ್ಲುವ ಮೊತ್ತ ಎಂಬುದು ನಮ್ಮ ಹಳೆಯ ಅಂಗಡಿಗಳ ಖಾತೆ ಪುಸ್ತಕದಲ್ಲಿ ಇದ್ದ ಅರ್ಥವೇ. ಪರೀಕ್ಷೆಗಾಗಿ ಓದುವಾಗ ನಾನು ಅದನ್ನು ಮರೆತಿದ್ದೆ. ಅಂದಿನಿಂದ ಪ್ರತಿಯೊಂದು ವ್ಯವಹಾರವನ್ನು ಬರೆಯುವ ಮೊದಲು ಹಾಳೆಯ ಮೇಲ್ಭಾಗದಲ್ಲಿ ಒಂದು ಪ್ರಶ್ನೆ ಬರೆದುಕೊಳ್ಳುತ್ತಿದ್ದೆ: ನಾನು ಯಾರ ಖಾತೆಯಲ್ಲಿ ನಿಂತು ನೋಡುತ್ತಿದ್ದೇನೆ? ಮೂರು ವರ್ಷಗಳ ಓದಿನಲ್ಲಿ ನನಗೆ ಅತ್ಯಂತ ಹೆಚ್ಚು ಉಪಯೋಗಕ್ಕೆ ಬಂದ ಸಾಲು ಅದು.

ಬಾಕಿ ಉಳಿದ ವಿಷಯವನ್ನು ಮತ್ತೆ ಬರೆಯಲು ಕುಳಿತಾಗ ಇನ್ನೂರು ಪುಟಗಳ ಒಂದು ಪುಸ್ತಕ ಮಾಡಿದೆ. ಎಡಪುಟದಲ್ಲಿ ಇಂಗ್ಲಿಷ್ ಪಾರಿಭಾಷಿಕ ಪದ ಮತ್ತು ಪರೀಕ್ಷೆಯಲ್ಲಿ ಬರೆಯಬೇಕಾದ ವ್ಯಾಖ್ಯೆ, ಬಲಪುಟದಲ್ಲಿ ನಮ್ಮ ಮನೆಯಲ್ಲೋ ಊರಿನಲ್ಲೋ ನಾನು ಕಣ್ಣಾರೆ ಕಂಡ ಅದರ ಉದಾಹರಣೆ. ಉದಾಹರಣೆ ಸಿಗದಿದ್ದರೆ ಬಲಪುಟ ಖಾಲಿ ಇರಬೇಕು, ಪುಸ್ತಕದಲ್ಲಿರುವುದನ್ನು ನಕಲು ಮಾಡಬಾರದು ಎಂಬುದು ನಾನೇ ಹಾಕಿಕೊಂಡ ಕಟ್ಟಳೆ. ಖಾಲಿ ಪುಟಗಳೇ ನನಗೆ ಏನು ತಿಳಿದಿಲ್ಲ ಎಂಬುದನ್ನು ತೋರಿಸುತ್ತಿದ್ದವು. ಕನ್ನಡದಲ್ಲಿ ಅರ್ಥವಾದದ್ದನ್ನು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯುವುದು ಅಭ್ಯಾಸದಿಂದ ಬರುತ್ತದೆ. ಅರ್ಥವಾಗದ್ದನ್ನು ಇಂಗ್ಲಿಷಿನಲ್ಲಿ ಉರುಹೊಡೆದು ಬರೆದರೆ ಪ್ರಶ್ನೆಯ ಮಾತು ಸ್ವಲ್ಪ ಬದಲಾದರೂ ಕೈ ನಿಂತುಬಿಡುತ್ತದೆ.

ತಾಳೆ ಪಟ್ಟಿ, ಅಂದರೆ ಟ್ರಯಲ್ ಬ್ಯಾಲೆನ್ಸ್, ಹೊಂದದಿದ್ದಾಗ ಏನು ಮಾಡಬೇಕು ಎಂಬುದನ್ನು ನಮ್ಮ ಮೇಷ್ಟ್ರು ಒಂದು ಸಂಜೆ ತರಗತಿ ಮುಗಿದ ಮೇಲೆ ಹೇಳಿಕೊಟ್ಟರು. ನನ್ನ ಎರಡು ಕಡೆಯ ಮೊತ್ತಗಳಲ್ಲಿ 450 ರೂಪಾಯಿ ವ್ಯತ್ಯಾಸವಿತ್ತು, ನಾನು ಮೊದಲಿನಿಂದ ಎಲ್ಲವನ್ನೂ ಕೂಡಲು ಹೊರಟಿದ್ದೆ. ಅವರು ತಡೆದು, ಮೊದಲು ಆ ಮೊತ್ತವನ್ನು ಎರಡರಿಂದ ಭಾಗಿಸು, 225 ರೂಪಾಯಿಯ ಯಾವುದಾದರೂ ಬಾಕಿ ತಪ್ಪು ಬದಿಗೆ ಹೋಗಿದೆಯೇ ನೋಡು ಎಂದರು. ಇರಲಿಲ್ಲ. ಹಾಗಾದರೆ ಒಂಬತ್ತರಿಂದ ಭಾಗಿಸು ಎಂದರು. 50 ಬಂತು, ಶೇಷವಿಲ್ಲ. ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಅದಲುಬದಲಾಗಿರುವ ಸಂಭವ ಹೆಚ್ಚು, ಅದೂ ಇಲ್ಲಿ ನೂರರ ಮತ್ತು ಹತ್ತರ ಸ್ಥಾನಗಳಲ್ಲಿ ಐದರ ಅಂತರವಿರುವ ಎರಡು ಅಂಕಿಗಳನ್ನು ಹುಡುಕಬೇಕು ಎಂದರು. ಎರಡು ನಿಮಿಷದಲ್ಲಿ ಸಿಕ್ಕಿತು: 5,830 ಇರಬೇಕಾದಲ್ಲಿ 5,380 ಬರೆದಿದ್ದೆ. ಇಂದಿಗೂ ಕೈಬರಹದ ಲೆಕ್ಕ ನೋಡುವಾಗ ನಾನು ಮೊದಲು ಮಾಡುವ ಕೆಲಸ ಅದೇ ಎರಡು ಭಾಗಾಕಾರ.

ಕಾಸ್ಟ್ ಅಕೌಂಟಿಂಗ್, ಅಂದರೆ ವೆಚ್ಚ ಲೆಕ್ಕ, ನನಗೆ ಮನೆಯ ಜಗಲಿಯಲ್ಲೇ ಇತ್ತು. ಬೀಡಿ ಬ್ರಾಂಚಿನಲ್ಲಿ ಎಲೆ ಮತ್ತು ಹೊಗೆಸೊಪ್ಪಿನ ಪುಡಿಯನ್ನು ತೂಗಿ ಕೊಡುತ್ತಾರೆ, ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಕೂಲಿ ಕೊಡುತ್ತಾರೆ; ಪಠ್ಯ ಹೇಳುವ ಪೀಸ್ ರೇಟ್ ಅದುವೇ. ಅಮ್ಮ ರಾತ್ರಿ ಎಲೆ ನೆನೆಸಿ, ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಸಿ, ಪುಡಿ ತುಂಬಿ ಸುರುಳಿ ಸುತ್ತಿ, ನೂಲು ಬಿಗಿದು ಕಟ್ಟುಗಳನ್ನು ಮೊರದಲ್ಲಿ ಜೋಡಿಸುವಾಗ, ಕತ್ತರಿಸಿ ಉಳಿದ ಎಲೆಯ ಅಂಚುಗಳು ಪಕ್ಕದಲ್ಲಿ ರಾಶಿ ಬೀಳುತ್ತಿದ್ದವು. ಅದು ಸಹಜ ನಷ್ಟ. ಸಹಜ ನಷ್ಟದ ವೆಚ್ಚವನ್ನು ಒಳ್ಳೆಯ ಉತ್ಪನ್ನವೇ ಹೊರಬೇಕು, ಅಂದರೆ ಅದು ಉತ್ಪಾದನಾ ವೆಚ್ಚದೊಳಗೆ ಸೇರಬೇಕು ಎನ್ನುತ್ತದೆ ಪಠ್ಯ. ನಮ್ಮ ಮನೆಯಲ್ಲಿ ಎಲೆ ಕಡಿಮೆಯಾದರೆ ಅಮ್ಮ ತನ್ನ ಕೈಯಿಂದ ದುಡ್ಡು ಕೊಟ್ಟು ಹೊರಗೆ ಎಲೆ ಕೊಂಡು ಲೆಕ್ಕ ತುಂಬಿಸುತ್ತಿದ್ದಳು. ಆ ವೆಚ್ಚ ಯಾವ ವೆಚ್ಚಪಟ್ಟಿಯಲ್ಲೂ ಕಾಣುತ್ತಿರಲಿಲ್ಲ. ಆರು ತಿಂಗಳು ಅವಳು ಕೊಂಡ ಎಲೆಯ ಲೆಕ್ಕವನ್ನು ಬಲಪುಟದಲ್ಲಿ ಬರೆದಿಟ್ಟೆ, ಅದನ್ನು ಕೂಲಿಯಿಂದ ಕಳೆದು ನಿಜವಾದ ದರವನ್ನು ತೆಗೆದೆ, ಅಮ್ಮನಿಗೆ ಓದಿ ಹೇಳಿದೆ. ಅವಳಿಗೆ ಅದು ಹೊಸ ವಿಷಯವಾಗಿರಲಿಲ್ಲ. ವೆಚ್ಚ ಲೆಕ್ಕ ಎಂಬುದು ಬರಿಯ ಅಂಕಿಗಳ ವಿದ್ಯೆಯಲ್ಲ, ಯಾವ ವೆಚ್ಚವನ್ನು ಯಾರ ತಲೆಗೆ ಕಟ್ಟಬೇಕು ಎಂಬ ತೀರ್ಮಾನ ಎಂದು ನಾನು ನಂಬಿದ್ದು ಆ ಜಗಲಿಯಲ್ಲಿ.

ಮ್ಯಾನೇಜ್‌ಮೆಂಟ್ ತತ್ತ್ವಗಳ ವಿಷಯಕ್ಕೆ ಆಡಳಿತ ಚಿಂತಕರಾದ ಫಯೋಲ್‌ನ 14 ತತ್ತ್ವಗಳನ್ನೂ ಟೇಲರ್‌ನ ವಿಚಾರಗಳನ್ನೂ ಎಲ್ಲರಂತೆ ಓದಿದೆ. ಆದರೆ ಉದಾಹರಣೆಗಾಗಿ ದೂರದ ದೊಡ್ಡ ಕಂಪನಿಗಳ ಕಡೆಗೆ ನೋಡಬೇಕಾಗಿಯೇ ಇರಲಿಲ್ಲ. 1906ರಲ್ಲಿ ಕೆನರಾ ಬ್ಯಾಂಕು ಮತ್ತು ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು, ಹೀಗೆ 25 ವರ್ಷಗಳಲ್ಲಿ ಐದು ಬ್ಯಾಂಕುಗಳು ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡದಲ್ಲಿ. ಅಮ್ಮ ಕಟ್ಟುತ್ತಿದ್ದ ಪಿಗ್ಮಿಯನ್ನು 1928ರಲ್ಲಿ ಆರಂಭಿಸಿದ್ದು ಸಿಂಡಿಕೇಟ್ ಬ್ಯಾಂಕು. ಗ್ರಾಹಕ ಬ್ಯಾಂಕಿಗೆ ಬರುವ ಬದಲು ಬ್ಯಾಂಕಿನ ಏಜೆಂಟನೇ ಪ್ರತಿದಿನ ಗ್ರಾಹಕನ ಬಾಗಿಲಿಗೆ ಹೋಗಿ ಚಿಲ್ಲರೆ ಹಣ ಸಂಗ್ರಹಿಸುವ ಪದ್ಧತಿ ಅದು. ಮಾರುಕಟ್ಟೆಯ ವಿಭಾಗೀಕರಣ, ಅಂದರೆ ಗ್ರಾಹಕರನ್ನು ಗುಂಪುಗಳಾಗಿ ವಿಂಗಡಿಸಿ ಒಂದು ಗುಂಪಿಗೆ ತಕ್ಕ ಸೇವೆ ಕೊಡುವುದು, ಎಂಬ ಪ್ರಶ್ನೆಗೆ ನಾನು ಬರೆದ ಉತ್ತರ ಇದೇ. ಈ ಐದರಲ್ಲಿ ಮೂರು ಹೆಸರುಗಳು 2019 ಮತ್ತು 2020ರ ವಿಲೀನಗಳಲ್ಲಿ ಅಳಿಸಿಹೋದದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅಂತಿಮ ವರ್ಷದ ಪ್ರಾಜೆಕ್ಟಿಗೆ ಮೊದಲು ನಗರದ ಒಂದು ಸಂಸ್ಥೆಯನ್ನು ಕೇಳಿಕೊಂಡೆ. ಎರಡು ವಾರ ಓಡಾಡಿಸಿ, ಲೆಕ್ಕಪತ್ರ ತೋರಿಸುವುದಿಲ್ಲ, ಬೇಕಿದ್ದರೆ ಪ್ರಮಾಣಪತ್ರ ಕೊಡುತ್ತೇವೆ ಎಂದರು. ಅಂಥ ಪ್ರಮಾಣಪತ್ರದ ಜೊತೆಗೆ ಹಳೆಯ ವರದಿಯನ್ನು ನಕಲು ಮಾಡಿ ಒಪ್ಪಿಸುವುದು ಅಪರೂಪವೇನಲ್ಲ, ನನಗೆ ಮನಸ್ಸಾಗಲಿಲ್ಲ. ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯನ್ನು ಕೇಳಿದಾಗ ಅವರು ಐದು ವರ್ಷಗಳ ರಿಜಿಸ್ಟರುಗಳನ್ನು ಮೇಜಿನ ಮೇಲೆ ಇಟ್ಟರು.

ಬೆಳಿಗ್ಗೆ ಆರಕ್ಕೆ ಹೋಗಿ ಕುಳಿತರೆ ಒಬ್ಬೊಬ್ಬರೇ ಕ್ಯಾನು ತರುತ್ತಿದ್ದರು. ಹಾಲು ಅಳೆದು, ಕೊಬ್ಬಿನ ಅಂಶ ಪರೀಕ್ಷಿಸಿ, ಅದರಂತೆ ದರ ಬರೆಯುತ್ತಿದ್ದರು. ರಾಜ್ಯ ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನದ ಲೆಕ್ಕ ಬೇರೆಯೇ. ಸಿಬ್ಬಂದಿಯ ಸಂಬಳ, ಬಾಡಿಗೆ, ವಿದ್ಯುತ್ತು ಸೇರಿ ತಿಂಗಳಿಗೆ ಸುಮಾರು 9,000 ರೂಪಾಯಿ ಸ್ಥಿರ ವೆಚ್ಚ, ಲೀಟರಿಗೆ ಸಂಘಕ್ಕೆ ಉಳಿಯುವುದು ಸುಮಾರು ಒಂದು ರೂಪಾಯಿ. ಅಂದರೆ ತಿಂಗಳಿಗೆ 9,000 ಲೀಟರ್, ದಿನಕ್ಕೆ 300 ಲೀಟರ್ ಬಂದರೆ ಲಾಭವೂ ಇಲ್ಲ ನಷ್ಟವೂ ಇಲ್ಲ, ಸಮ. ಬೇಸಿಗೆಯಲ್ಲಿ ಹಸಿರು ಮೇವು ಒಣಗಿ ಸಂಗ್ರಹ ಅದಕ್ಕಿಂತ ಕೆಳಗಿಳಿಯುತ್ತಿತ್ತು, ಮಳೆಗಾಲದ ನಂತರ ಮೇಲೇರುತ್ತಿತ್ತು. ಬ್ರೇಕ್ ಈವನ್ ಗೆರೆಯನ್ನು ನಾನು ಗ್ರಾಫ್ ಹಾಳೆಯಲ್ಲಿ ಎಳೆದು ತೋರಿಸಿದಾಗ ಕಾರ್ಯದರ್ಶಿ, ಇದು ನನಗೆ ಏಪ್ರಿಲ್‌ನಲ್ಲಿ ನಿದ್ದೆ ಬಾರದ ಗೆರೆ ಎಂದರು.

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದವು. ಆರು ದಿನಗಳ ಮೇಲೆ, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳು ಹಳೆಯ ನೋಟುಗಳನ್ನು ಪಡೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಸಂಘದ ಖಾತೆ ಇದ್ದದ್ದು ಅಂಥ ಬ್ಯಾಂಕಿನಲ್ಲಿಯೇ. ಪುಸ್ತಕದಲ್ಲಿ ಸಂಘಕ್ಕೆ ನಷ್ಟವಿರಲಿಲ್ಲ, ಬ್ಯಾಂಕಿನಲ್ಲಿ ಹಣವೂ ಇತ್ತು, ಆದರೆ ಹಾಲು ಹಾಕಿದವರಿಗೆ ಕೊಡಲು ಕೈಯಲ್ಲಿ ನೋಟಿರಲಿಲ್ಲ. ಮನೆಯಲ್ಲಿ ಅಮ್ಮನ ಬೀಡಿ ಕೂಲಿಯೂ ವಾರಗಟ್ಟಲೆ ಬಾಕಿ ಉಳಿಯಿತು. ಲಾಭ ಬೇರೆ, ದ್ರವ್ಯತೆ (ಬೇಕಾದಾಗ ಕೈಗೆ ಸಿಗುವ ನಗದು) ಬೇರೆ ಎಂಬ ಪಾಠದ ಬಲಪುಟವನ್ನು ನಾನು ಆ ತಿಂಗಳು ತುಂಬಿಸಿದೆ.

ವ್ಯವಹಾರ ಕಾನೂನು ಮತ್ತು ಅಂಕಿಅಂಶ ಶಾಸ್ತ್ರವನ್ನು ಉತ್ತೀರ್ಣನಾಗುವಷ್ಟು ಮಾತ್ರ ಓದಿದೆ. ಆ ಪುಟಗಳು ಬಹುಪಾಲು ಖಾಲಿಯೇ ಉಳಿದವು, ನಂತರ ಕೆಲಸಕ್ಕೆ ಸೇರಿ ಕರಾರು ಪತ್ರ ಓದಬೇಕಾದಾಗ 1872ರ ಕರಾರು ಕಾಯಿದೆಯನ್ನು ಮತ್ತೆ ಮೊದಲಿನಿಂದ ಓದಬೇಕಾಯಿತು.

2017ರ ಬೇಸಿಗೆಯ ಕೊನೆಯ ಪರೀಕ್ಷೆಗಳಲ್ಲಿ ಆಗಿನ ಮಾರಾಟ ತೆರಿಗೆಯಾದ ವ್ಯಾಟ್ ಬಗ್ಗೆ ಪುಟಗಟ್ಟಲೆ ಬರೆದೆ. ಜುಲೈ 1ರಂದು ಅದರ ಜಾಗಕ್ಕೆ ಜಿಎಸ್‌ಟಿ ಜಾರಿಗೆ ಬಂದು ನಾನು ಬರೆದ ದರಗಳೂ ನಮೂನೆಗಳೂ ಹಳೆಯವಾದವು. ಅದೇ ತಿಂಗಳು ಲೆಕ್ಕ ಪರಿಶೋಧಕರೊಬ್ಬರ ಕಚೇರಿಯಲ್ಲಿ ಸಹಾಯಕನಾಗಿ ಸೇರಿದೆ. ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಮಾರಾಟದ ಮೇಲಿನ ತೆರಿಗೆಯಿಂದ ಕಳೆಯುವ ಪದ್ಧತಿ ಮಾತ್ರ ವ್ಯಾಟ್‌ನಲ್ಲಿಯೂ ಇತ್ತು, ಇದರಲ್ಲಿಯೂ ಇತ್ತು. ಆಗಸ್ಟ್‌ನಲ್ಲಿ ಜಿಎಸ್‌ಟಿಯ ತಿಂಗಳ ಲೆಕ್ಕ ಒಪ್ಪಿಸುವ ಮೊದಲ 3ಬಿ ರಿಟರ್ನ್ ತುಂಬುವ ಹೊತ್ತಿಗೆ ಜೀನಸಿನ ಅಂಗಡಿಯ ಹಿರಿಯರೊಬ್ಬರು ಬಿಲ್ಲುಗಳ ಚೀಲ ಹಿಡಿದು ಬಂದು, ನಾನು ಸರ್ಕಾರಕ್ಕೆ ಕೊಡಬೇಕಾದ್ದು ಜಿಎಸ್‌ಟಿ ಜಾಲತಾಣದ ಕ್ರೆಡಿಟ್ ಲೆಡ್ಜರಿನಲ್ಲಿ ನನ್ನ ದುಡ್ಡೆಂದು ಏಕೆ ತೋರಿಸುತ್ತಿದೆ ಎಂದು ಕೇಳಿದರು. ನಾನು ಒಂದು ಬಿಳಿ ಹಾಳೆ ತೆಗೆದು ನಡುವೆ ಗೆರೆ ಎಳೆದೆ. ಇದು ನಿಮ್ಮ ಪುಸ್ತಕ, ಇದು ಸರ್ಕಾರ ನಿಮ್ಮ ಹೆಸರಿನಲ್ಲಿ ಇಟ್ಟ ಪುಸ್ತಕ, ನೀವು ಖರೀದಿಯಲ್ಲಿ ಮುಂಚೆಯೇ ಕೊಟ್ಟ ತೆರಿಗೆ ಅಲ್ಲಿ ನಿಮಗೆ ಜಮೆ ಎಂದೆ. ಅವರು ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಚೀಲದಿಂದ ಬಿಲ್ಲುಗಳನ್ನು ತಾರೀಖಿನಂತೆ ಜೋಡಿಸತೊಡಗಿದರು.