ಪದಬಂಧಕ್ಕೊಂದು ಖಾತೆ ಪುಸ್ತಕ

ನಾನು ತುಮಕೂರಿನಿಂದ ಯಶವಂತಪುರಕ್ಕೆ ದಿನಾ ರೈಲಿನಲ್ಲಿ ಹೋಗಿಬರುವವಳು. ಅಲ್ಲಿ ಒಂದು ಬೇಳೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಪಾಸಿನವರ ಗುಂಪಿಗೆಲ್ಲ ಸೇರಿ ಒಂದೇ ಪೇಪರ್. ಕ್ಯಾತ್ಸಂದ್ರ ಬರುವಷ್ಟರಲ್ಲಿ ಅದು ಹಾಳೆಹಾಳೆಯಾಗಿ ಹಂಚಿಹೋಗಿರುತ್ತದೆ. ಪದಬಂಧದ ಹಾಳೆ ನನ್ನ ಪಾಲು. ಸೋಲದೇವನಹಳ್ಳಿ ದಾಟಿದರೂ ಮುಗಿಯದಿದ್ದರೆ ಎದುರು ಸೀಟಿನ ರಿಟೈರ್ಡ್ ಮೇಷ್ಟ್ರು ಸುಮ್ನೆ ಕೈ ಚಾಚುತ್ತಾರೆ. ಅಲ್ಲಿಗೆ ನಾನು ಸೋತ ಹಾಗೆ.

ನಾಲ್ಕಾರು ತಿಂಗಳು ಬಿಡಿಸಿದವರಿಗೆಲ್ಲ ಒಂದು ಗೊತ್ತಾಗುತ್ತದೆ. ಬಂದ ಸುಳಿವೇ ಮತ್ತೆ ಬರುತ್ತದೆ, ಬಂದ ಉತ್ತರವೇ ಮತ್ತೆ ಬರುತ್ತದೆ. ಬರೆದಿಟ್ಟುಕೊಂಡರೆ ಆಯ್ತಲ್ವಾ? ನಾನೂ ಹಾಗೇ ಅಂದುಕೊಂಡು ಒಂದು ನೋಟ್‌ಬುಕ್ ತಂದೆ. ಎಡಕ್ಕೆ ಸುಳಿವು, ಬಲಕ್ಕೆ ಉತ್ತರ. 'ನೀರು (2)' ಅಂತ ಬಂತು, ಅಂದರೆ ಉತ್ತರ ಎರಡಕ್ಷರದ್ದು, ಜಲ ಅಂತ ಬರೆದೆ. ಮುಂದಿನ ವಾರ ಅದೇ ಸುಳಿವಿಗೆ ವಾರಿ. ಆಮೇಲೊಮ್ಮೆ ತೋಯ, ಇನ್ನೊಮ್ಮೆ ಅಂಬು. ಪುಟ ತಿರುವಿ ಹುಡುಕುವುದರಲ್ಲೇ ಹಿರೇಹಳ್ಳಿ, ದಾಬಸ್‌ಪೇಟೆ ಎಲ್ಲ ಹೋದವು. ಆಮೇಲೆ ಹೊಳೆಯಿತು. ನಾನು ಬರೆಯುತ್ತಿದ್ದದ್ದು ಕಿರ್ದಿ. ಬೇಕಾಗಿದ್ದದ್ದು ಖಾತೆ.

ಮಂಡಿ ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ದಿನದ ವ್ಯವಹಾರ ಬಂದ ಹಾಗೇ ಸಾಲಾಗಿ ಬರೆಯುವುದು ಕಿರ್ದಿಯಲ್ಲಿ. ಯಾರ ಬಾಕಿ ಎಷ್ಟು ಅಂತ ನೋಡಬೇಕಾದರೆ ಒಬ್ಬೊಬ್ಬರಿಗೂ ಒಂದು ಪುಟ ಇರುವ ಖಾತೆ ಪುಸ್ತಕ ಬೇಕು. ಪದಬಂಧದಲ್ಲಿ ಆ ಪುಟ ಕೊಡಬೇಕಾದ್ದು ಉತ್ತರಕ್ಕೆ. ಸುಳಿವುಗಳೆಲ್ಲ ಅದರ ಕೆಳಗೆ ಸೇರಬೇಕು. ನನ್ನ 'ಕರ' ಪುಟದಲ್ಲಿ ಕೈ, ತೆರಿಗೆ, ಕಿರಣ, ಆನೆಯ ಸೊಂಡಿಲು ಇವೆ. 'ಹರಿ' ಪುಟದಲ್ಲಿ ವಿಷ್ಣು, ಸಿಂಹ, ಕೋತಿ, ಕುದುರೆ, ಕೊನೆಗೆ ಬಟ್ಟೆ ಹರಿಯುವುದೂ ಇದೆ. 'ದ್ವಿಜ' ಪುಟದಲ್ಲಿ ಹಕ್ಕಿ ಮತ್ತು ಹಲ್ಲು ಅಕ್ಕಪಕ್ಕ ಕೂತಿವೆ. ಎರಡೂ ಎರಡು ಸಲ ಹುಟ್ಟುವಂಥವು. ಒಂದು ಮೊಟ್ಟೆಯಾಗಿ ಆಮೇಲೆ ಮರಿಯಾಗಿ, ಇನ್ನೊಂದು ಬಿದ್ದು ಮತ್ತೆ ಮೂಡಿ. ಹೀಗೆ ಬರೆದರೆ ಹೊಸ ಸುಳಿವು ಬಂದಾಗಲೂ ಇದು ಯಾರ ಪುಟಕ್ಕೆ ಹೋಗುವ ಗಿರಾಕಿ ಅಂತ ಗೊತ್ತಾಗುತ್ತದೆ.

ಪುಟಗಳನ್ನು ಮೊದಲು ಮನೆಗಳ, ಅಂದರೆ ಒಂದೊಂದು ಅಕ್ಷರ ತುಂಬುವ ಖಾನೆಗಳ, ಲೆಕ್ಕದಲ್ಲಿ ವಿಂಗಡಿಸಿ. ಎರಡಕ್ಷರದವು ಒಂದು ಕಡೆ, ಮೂರಕ್ಷರದವು ಒಂದು ಕಡೆ. ಅದರೊಳಗೆ ಮೊದಲಕ್ಷರದ ಪ್ರಕಾರ ಬೇಡ, ಕೊನೆಯಕ್ಷರದ ಪ್ರಕಾರ ಜೋಡಿಸಿ. ನಿಘಂಟಿನ ರೂಢಿ ಇದ್ದವರಿಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ನೀರಿನ ಸಂಸಾರ ನೋಡಿ. ಜಲ, ವಾರಿ, ಅಂಬು, ನೀರು. ಇವಕ್ಕೆ 'ಜ' ಹಚ್ಚಿದರೆ ತಾವರೆ: ಜಲಜ, ವಾರಿಜ, ಅಂಬುಜ, ನೀರಜ. 'ದ' ಹಚ್ಚಿದರೆ ಮೋಡ: ಜಲದ, ವಾರಿದ, ಅಂಬುದ, ನೀರದ. 'ಧಿ' ಹಚ್ಚಿದರೆ ಕಡಲು: ಜಲಧಿ, ವಾರಿಧಿ, ಅಂಬುಧಿ. ಜ ಅಂದರೆ ಹುಟ್ಟಿದ್ದು, ದ ಅಂದರೆ ಕೊಡುವುದು, ಧಿ ಅಂದರೆ ತುಂಬಿಕೊಂಡಿರುವುದು. ಎಲ್ಲವೂ ಮೂರೇ ಮನೆ! ಹಾಗಾಗಿ 'ತಾವರೆ (3)' ಕಂಡ ತಕ್ಷಣ ನಾನು ಕೊನೆಯ ಮನೆಯಲ್ಲಿ ಪೆನ್ಸಿಲ್‌ನಿಂದ ಸಣ್ಣಗೆ ಒಂದು ಜ ಹಾಕುತ್ತೇನೆ. ಪಂಕಜ, ಸರೋಜ, ವನಜ ಬಂದರೂ ಜ ಹೋಗುವುದಿಲ್ಲ. ಕಮಲ ಬಂದರೆ ಮಾತ್ರ ರಬ್ಬರ್ ಬೇಕು. ಒಂದೇ ದಿನ 'ತಾವರೆ' ಎರಡು ಕಡೆ ಬಂದಿದ್ದರೆ ಎರಡನೆಯದಕ್ಕೆ ಅದೇ ಹೂವು ಹಾಕಬೇಡಿ. ಒಂದೇ ಚೌಕದಲ್ಲಿ ಒಂದೇ ಉತ್ತರ ಎರಡು ಸಲ ಬರುವುದು ಅಪರೂಪ.

ಇಷ್ಟೊಂದು ಯಾಕೆ ಮರಳಿ ಬರುತ್ತವೆ? ಇಂಗ್ಲಿಷ್‌ನಲ್ಲಿ 1913ರಲ್ಲಿ ಆರ್ಥರ್ ವಿನ್ ನ್ಯೂಯಾರ್ಕಿನ ಪೇಪರಿಗೆ ಮೊದಲ ಪದಬಂಧ ಮಾಡಿದಾಗಿನಿಂದ ಅಲ್ಲಿ ಒಂದು ಮನೆಗೆ ಒಂದು ಅಕ್ಷರ, ಒಟ್ಟು 26. ಅಲ್ಲಿ ಓರಿಯೋ ಬಿಸ್ಕತ್ತು ಪದೇ ಪದೇ ಬರುತ್ತದಂತೆ, ನಾಲ್ಕಕ್ಷರದಲ್ಲಿ ಮೂರು ಸ್ವರ ಇರುವುದಕ್ಕೆ. ನಮ್ಮಲ್ಲಿ ಕಷ್ಟ ಬೇರೆ. ಒಂದು ಮನೆಗೆ ಕ ಬಂದರೆ ಅಡ್ಡ ಬರುವ ಪದದಲ್ಲೂ ಕ ಇರಬೇಕು. ಕಾ ಆಗದು, ಕಿ ಆಗದು, ಕ್ಕ ಆಗದು. ಅದಕ್ಕೇ ಬರಿಯ ಕ, ನ, ರ, ಲ, ಸ, ಜ ಇರುವ ಪದಗಳೇ ರಚಿಸುವವರ ಕೈಗೆ ಬೇಗ ಸಿಗುತ್ತವೆ. ಕನಕ, ಸರಸ, ನಯನ, ಜಲಜ. ಇವನ್ನು ಹಿಂದಿನಿಂದ ಓದಿದರೂ ಅವೇ. ಗದಗವೂ ಹಾಗೇ.

ಪಟ್ಟಿಗಳಿಂದ ಬರುವ ಉತ್ತರಗಳಿಗೆ ಪುಟ ಬೇಡ, ರಟ್ಟಿನ ಒಳಬದಿ ಸಾಕು. ರಾಶಿಗಳಲ್ಲಿ ಕಟಕ, ವೃಷಭ, ಮಿಥುನ, ವೃಶ್ಚಿಕ, ಮಕರ ಮೂರಕ್ಷರ. ಉಳಿದ ಏಳೂ ಎರಡಕ್ಷರ. ಕಟಕವನ್ನು ಕರ್ಕಾಟಕ ಅಂದರೆ ನಾಲ್ಕು. ಕನ್ನಡದ ಎಂಟು ಜ್ಞಾನಪೀಠದವರಲ್ಲಿ ಬೇಂದ್ರೆ, ಮಾಸ್ತಿ ಎರಡು ಮನೆ. ಕುವೆಂಪು, ಕಾರಂತ, ಗೋಕಾಕ, ಕಾರ್ನಾಡ, ಕಂಬಾರ ಮೂರು. ಅನಂತಮೂರ್ತಿ ಒಬ್ಬರೇ ಐದು. ಇಲ್ಲಿ ನಾನು ಒಮ್ಮೆ ಎಡವಿದ್ದೇನೆ. ಮೊದಲ ಮನೆಯಲ್ಲಿ ಕಾ ಬಂತು ಅಂತ ಪೆನ್ನಿನಲ್ಲೇ ಕಾರಂತ ಬರೆದುಬಿಟ್ಟೆ. ನಡುವಿನ ಮನೆಗೆ ಅಡ್ಡ ಪದದಿಂದ ರ್ನಾ ಬಂದಾಗ ಮೇಷ್ಟ್ರು ನಕ್ಕಿದ್ದೇ ನಕ್ಕಿದ್ದು. ಈ ಇಬ್ಬರ ವಿಷಯದಲ್ಲಿ ನಡುವಿನ ಮನೆ ತುಂಬುವವರೆಗೂ ಕಾಯಿರಿ.

ಊರಿನ ಸುಳಿವುಗಳಲ್ಲಿ ಹಳೇ ಬಾಕಿ ಜಾಸ್ತಿ. ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ, 'ಚಿನ್ನದ ನಾಡು (3)' ಮಾತ್ರ ಇನ್ನೂ ಬರುತ್ತಲೇ ಇದೆ. ನಂದಿಬೆಟ್ಟದ ಜಿಲ್ಲೆ ಯಾವುದು ಅಂತ ಕೇಳಿದರೆ ಮನೆ ಎಣಿಸಿ. 2007ರವರೆಗೆ ಅದು ಕೋಲಾರ. ಆಮೇಲೆ ಚಿಕ್ಕಬಳ್ಳಾಪುರ, ಆರು ಮನೆ. ಹಳೇ ಪುಸ್ತಕದಿಂದ ಎತ್ತಿಕೊಂಡ ಸುಳಿವಾದರೆ ಮೂರು ಅಂತಲೇ ಇರುತ್ತದೆ.

ಕೊನೆಯ ಪುಟ ತಿರುಗುಮುರುಗು ಪದಗಳಿಗೆ. 'ಬಲದಿಂದ ಎಡಕ್ಕೆ' ಅಥವಾ 'ತಲೆಕೆಳಗಾಗಿದೆ' ಅಂತ ಸುಳಿವಿನಲ್ಲಿ ಇದ್ದರೆ ಅಲ್ಲಿಗೆ ಹೋಗಿ. ನದಿ ತಿರುಗಿದರೆ ದಿನ, ಗಜ ತಿರುಗಿದರೆ ಜಗ, ವನ ತಿರುಗಿದರೆ ನವ, ರಸ ತಿರುಗಿದರೆ ಸರ. ಮೊನ್ನೆ ಮೇಷ್ಟ್ರು 'ಕೋಗಿಲೆ (2)' ಹಿಡಿದುಕೊಂಡು ಚಿಕ್ಕಬಾಣಾವರದವರೆಗೂ ಒದ್ದಾಡಿದರು. ನೋಡಲಾಗದೆ "ಕಪಿನ ತಿರುಗಿಸಿ ಮೇಷ್ಟ್ರೇ" ಅಂದೆ. ಪಕ್ಕದ ಸೀಟಿನವರೆಲ್ಲ ಅವರ ಕಡೆ ತಿರುಗಿ ನೋಡಿದರು.