ಪುಣೆಯ ಚಳಿಯಲ್ಲಿ ಟೊಮೆಟೊ ಒಣಗಿಸಿದೆ: ನನ್ನ ಅನುಭವ

ಈ ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಮ್ಮ ಮನೆಗೆ ಟೊಮೆಟೊ ಕೊಂಡು ತಂದದ್ದು ಎರಡೇ ಸಲ. ಅದೂ ನೆಂಟರು ಬಂದಾಗ, ಕೋಸಂಬರಿಗೆ. ಸಾರು, ಗೊಜ್ಜು, ಪಲ್ಯ ಎಲ್ಲಾ ಜನವರಿಯಲ್ಲಿ ಪುಣೆಯ ಕೋಥ್ರೂಡ್‌ನ ನಮ್ಮ ತಾರಸಿಯ ಮೇಲೆ ಒಣಗಿಸಿಟ್ಟ ಟೊಮೆಟೊದಲ್ಲೇ ನಡೆಯಿತು. ಮೂರನೇ ಸಲಕ್ಕೆ ಕೈ ಹಿಡಿದ ಕೆಲಸ ಇದು. ಅದಕ್ಕೇ ಬರೆಯಬೇಕು ಅನ್ನಿಸಿತು.

ಶುರು ಮಾಡಿದಾಗ ಯಾರೂ ಒಪ್ಪಿರಲಿಲ್ಲ. ಧಾರವಾಡದಿಂದ ಬಂದಿದ್ದ ಅತ್ತೆ, "ಥಂಡಿಯಾಗ ಬಿಸಿಲಿಗೆ ಕಸುವ ಇರಂಗಿಲ್ಲ, ಸುಮ್ನ ಹಾಳ ಮಾಡ್ತಿ" ಅಂದರು. ಪಕ್ಕದ ಮನೆಯ ಕಾಕೂ ಅವರ ಮಾತೂ ಅದೇ. ಇಲ್ಲಿಯವರಿಗೆ ವಾಳವಣ (ಬಿಸಿಲಿಗೆ ಒಣಗಿಸಿಡುವುದು) ಅಂದರೆ ಬೇಸಿಗೆಯ ಕೆಲಸ, ಹಪ್ಪಳ, ಕುರಡೈ ಸಂಡಿಗೆ ಎಲ್ಲಾ ಆಗಲೇ. ಆದರೆ ಚೀಲಗಳಲ್ಲಿ ಬೆಳೆಸುವ ನನ್ನ ಟೊಮೆಟೊ ಗಿಡ ಬೇಸಿಗೆವರೆಗೆ ಕಾಯುವುದಿಲ್ಲವಲ್ಲ! ಮಾರ್ಚ್ ಕೊನೆಗೆ ಬಿಸಿಲು ಏರಿದರೆ ಹೂವು ಉದುರುತ್ತದೆ. ಹಣ್ಣು ಸುರಿಯುವುದು ಡಿಸೆಂಬರ್, ಜನವರಿಯಲ್ಲಿ. ಆಗ ಮಂಡಯಿಯಲ್ಲೂ (ತರಕಾರಿ ಮಾರುಕಟ್ಟೆ) ಅಗ್ಗ, ಹಂಚೋಣ ಅಂದರೆ ತೆಗೆದುಕೊಳ್ಳುವವರೂ ಇಲ್ಲ.

ಮೊದಲ ಚಳಿಗಾಲ, 2022ರ ಡಿಸೆಂಬರ್. ಅಲ್ಯೂಮಿನಿಯಂ ತಟ್ಟೆಗಳಲ್ಲಿ ಹೆಚ್ಚಿ ಹರಡಿದೆ. ಹುಳಿ ತಟ್ಟೆಗೆ ಹತ್ತಿ ಹೋಳಿನ ತಳ ಕಪ್ಪಾಯಿತು, ಬಾಯಿಗಿಟ್ಟರೆ ಲೋಹದ ರುಚಿ. ತಳಕ್ಕೆ ಗಾಳಿಯೂ ಇಲ್ಲ, ಮೇಲೆ ಒಣಗಿದಂತೆ ಕಂಡರೂ ಕೆಳಗೆ ಲೋಳೆ. ಸುಮಾರು 7 ಕಿಲೋ ಗೊಬ್ಬರದ ಡಬ್ಬಿಗೆ ಹೋಯಿತು. ಮರುವರ್ಷ ಜುಲೈ ಬಂತು. 2023ರ ಜುಲೈ ಯಾರಿಗೆ ನೆನಪಿಲ್ಲ? ಟೊಮೆಟೊಗೇ ಹೆಸರಾದ ನಾರಾಯಣಗಾಂವ್ ನಮ್ಮ ಜಿಲ್ಲೆಯಲ್ಲೇ ಇದೆ, ಆದರೂ ಇಲ್ಲಿ ಕಿಲೋಗೆ ನೂರು ದಾಟಿತು. ಗೊಬ್ಬರಕ್ಕೆ ಹಾಕಿದ ಆ 7 ಕಿಲೋ ನೆನೆದು ಹೊಟ್ಟೆ ಉರಿಯಿತು.

ಎರಡನೇ ಸಲ ಬಿದಿರಿನ ಮೊರ ತಂದೆ. ಮೂರು ದಿನ ಚೆನ್ನಾಗಿ ಒಣಗಿತು. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಹೋಳುಗಳ ಅಂಚಿನಲ್ಲಿ ಬಿಳಿ ಬೂಷ್ಟು, ಹತ್ತಿ ಎಳೆಯ ಹಾಗೆ. ತಾರಸಿಯ ಕಂಬಿ ಮುಟ್ಟಿದೆ, ಕೈ ಒದ್ದೆಯಾಯಿತು. ಇಬ್ಬನಿ! ಹಗಲಿಡೀ ಹೋದ ನೀರನ್ನು ಹೋಳು ರಾತ್ರಿ ಮತ್ತೆ ಕುಡಿಯುತ್ತಿತ್ತು. ಬಿಸಿಲಿಗೆ ಕಸುವಿಲ್ಲ ಅನ್ನುವುದೆಲ್ಲ ಆಮೇಲಿನ ಮಾತು ಅಂತ ಅವತ್ತು ಗೊತ್ತಾಯಿತು. ಪುಣೆಯ ಚಳಿಗಾಲದ ಗಾಳಿ ಎಷ್ಟು ಒಣ ಅಂದರೆ ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ. ಆ ಗಾಳಿಯನ್ನು ಹೋಳಿನ ಅಡಿಗೂ ಬಿಡಬೇಕು, ರಾತ್ರಿ ಒಳಗೆ ತರಬೇಕು. ಅಷ್ಟೇ.

ಮೂರನೇ ಸಲ ಗುಜರಿಯವನಿಂದ ಹಳೇ ಮಂಚದ ಚೌಕಟ್ಟು ತಂದೆ, 150 ರೂಪಾಯಿ. ಅದಕ್ಕೆ ಹರಿದ ಸೊಳ್ಳೆ ಪರದೆಯನ್ನು ಎರಡು ಪದರ ಮಾಡಿ ಬಿಗಿದು ಕಟ್ಟಿದೆ. ನಾಲ್ಕು ಕಡೆ ಇಟ್ಟಿಗೆ ಇಟ್ಟು ಎತ್ತರಿಸಿದೆ, ಉತ್ತರದ ಕಡೆ ಒಂದು ಇಟ್ಟಿಗೆ ಜಾಸ್ತಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನಲ್ಲ, ಬಿಸಿಲು ನೆಟ್ಟಗೆ ಬೀಳುತ್ತದೆ. ನನ್ನ ಪರಿಚಯದವರೊಬ್ಬರು ಆರೇಳು ಸಾವಿರ ಕೊಟ್ಟು ಒಣಗಿಸುವ ಮಷೀನ್ ತಂದಿದ್ದಾರೆ, ಕರೆಂಟು ಬಿಲ್ಲು ಬೇರೆ. ನನ್ನದಕ್ಕೆ ಉಪ್ಪು ಸೇರಿ ಇನ್ನೂರು ಆಗಿರಬಹುದು.

ಉದ್ದನೆಯ, ಗಟ್ಟಿ ತಿರುಳಿನ ಜಾತಿಯೇ ಆಗಬೇಕು. ಗಾವ್ರಾನ್ (ನಾಟಿ) ಹಣ್ಣು ರುಚಿ ಹೌದು, ಆದರೆ ಬರೀ ರಸ. ಉದ್ದಕ್ಕೆ ನಾಲ್ಕು ಹೋಳು ಮಾಡಿ ಬೀಜದ ಲೋಳೆ ತೆಗೆಯುತ್ತೇನೆ. ಆ ಲೋಳೆಯೇ ಅವತ್ತಿನ ರಾತ್ರಿ ಸಾರು, ಚೂರೂ ಚೆಲ್ಲುವುದಿಲ್ಲ. ಕಿಲೋಗೆ ಅಂದಾಜು ಎರಡು ಚಮಚ ಉಪ್ಪು ಸವರಿ, ಸ್ಟೀಲಿನ ಜರಡಿಯಲ್ಲಿ ಒಂದು ಗಂಟೆ ಬೋರಲು ಹಾಕಿದರೆ ಎಷ್ಟೋ ನೀರು ಅಲ್ಲೇ ಇಳಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ, ಇಬ್ಬನಿ ಆರಿದ ಮೇಲೆ ಹೊರಗೆ. ನಾಲ್ಕೂವರೆಗೆ ಒಳಗೆ, ಫ್ಯಾನಿನ ಕೆಳಗೆ. ಎರಡನೇ ದಿನ ಮಗುಚುವಾಗ ಒಂದು ಪುಡಿ ಉದುರಿಸುತ್ತೇನೆ. ಬಣ್ಣ ಕಪ್ಪಾಗದಿರುವುದು ಅದರಿಂದಲೇ. ಅದು ನಮ್ಮವ್ವನದು, ಬಿಟ್ಟುಕೊಡುವುದಿಲ್ಲ.

ಆರನೇ ಅಥವಾ ಏಳನೇ ದಿನಕ್ಕೆ ಹೋಳು ಮುರಿದರೆ ಟಕ್ ಅನ್ನಬೇಕು. ಬಾಗಿದರೆ ಇನ್ನೊಂದು ದಿನ. ಬಾಟಲಿಗೆ ತುಂಬಿದ ಮೇಲೂ ಒಂದು ವಾರ ದಿನಾ ಅಲ್ಲಾಡಿಸಿ ನೋಡುತ್ತೇನೆ. ಮುಚ್ಚಳದ ಒಳಗೆ ಸ್ವಲ್ಪ ಆವಿ ಕಂಡರೂ ಎಲ್ಲಾ ವಾಪಸ್ ಮಂಚಕ್ಕೆ. ಇದನ್ನು ಬಿಟ್ಟರೆ ಮಳೆಗಾಲದಲ್ಲಿ ಕೈ ಕೊಡುತ್ತದೆ.

ಲೆಕ್ಕ ಹೇಳುತ್ತೇನೆ. 18 ಚೀಲಗಳಲ್ಲಿ ಗಿಡ, ಒಟ್ಟು ಮೂವತ್ತು ಕಿಲೋ ಹತ್ತಿರ ಬಂತು. ಅರ್ಧ ತಿಂದೆವು. ಉಳಿದದ್ದಕ್ಕೆ ಮಂಡಯಿಯಿಂದ ಕಿಲೋಗೆ ಹದಿನೈದರಂತೆ ಐದು ಕಿಲೋ ಸೇರಿಸಿ, ಸುಮಾರು 20 ಕಿಲೋ ಒಣಗಿಸಿದೆ. ಸಿಕ್ಕಿದ್ದು 1.2 ಕಿಲೋ, ಐದು ಬಾಟಲಿ. ಅಂದರೆ ಒಂದು ಹಿಡಿ, 60 ಗ್ರಾಂ ಅನ್ನಿ, ಒಂದು ಕಿಲೋ ಹಣ್ಣಿಗೆ ಸಮ. ಬಿಸಿನೀರಲ್ಲಿ ಕಾಲು ಗಂಟೆ ನೆನೆಸಿ, ನೀರಿನ ಸಮೇತ ಬೇಳೆಗೆ ಹಾಕಿದರೆ ಸಾರಿನ ಹುಳಿ ತಾಜಾ ಹಣ್ಣಿಗಿಂತ ಮುಂದು. ಈ ಸಾರು ಉಂಡ ಅತ್ತೆ ಹೋಗುವಾಗ ಒಂದು ಬಾಟಲಿ ಚೀಲಕ್ಕೆ ಹಾಕಿಕೊಂಡರು. ನನಗೆ ಅಷ್ಟು ಸಾಕಿತ್ತು.

ಒಂದು ಎಚ್ಚರಿಕೆ. ಒಣಗಿದ ಹೋಳುಗಳನ್ನು ಹಸಿ ಬೆಳ್ಳುಳ್ಳಿ ಜೊತೆ ಎಣ್ಣೆಯಲ್ಲಿ ಮುಳುಗಿಸಿ ಹೊರಗೇ ಇಟ್ಟಿದ್ದೆ. ಎರಡು ವಾರಕ್ಕೆ ಗುಳ್ಳೆ ಬಂತು, ರುಚಿ ಕೂಡ ನೋಡದೆ ಚೆಲ್ಲಿದೆ. ಎಣ್ಣೆಯೊಳಗೆ ಗಾಳಿ ಇರುವುದಿಲ್ಲ, ಹಸಿ ಬೆಳ್ಳುಳ್ಳಿಯಲ್ಲಿ ವಿಷ ಹುಟ್ಟಬಹುದು. ಆ ಆಸೆಗೆ ಹೋಗಬೇಡಿ.

ಅದೇ ಮಂಚದ ಮೇಲೆ ಬಾಳಕದ ಮೆಣಸಿನಕಾಯಿಯೂ ಮಾಡಿದೆ. ಚಳಿಗೆ ಮಜ್ಜಿಗೆ ಬೇಗ ಹುಳಿಯಾಗಲಿಲ್ಲ, ಒಂಬತ್ತು ದಿನ ಹಿಡಿಯಿತು, ಆದರೆ ಕರಿದರೆ ಗರಿಗರಿ. ಮೆಂತ್ಯ ಸೊಪ್ಪು ನೆರಳಲ್ಲೇ ಮೂರು ದಿನ, ಹಸಿರು ಹಾಗೇ ಉಳಿಯಿತು. ಬಟಾಣಿ ಮಾತ್ರ ಸೋತಿತು. ಕುದಿನೀರಿಗೆ ಹಾಕಿ ತೆಗೆಯದೆ ಒಣಗಿಸಿದ್ದೆ, ಹಳದಿಯಾಗಿ ಕಲ್ಲಾಯಿತು. ಈ ವಾರ ಬೀಟ್‌ರೂಟ್ ತುರಿದು ಹಾಕಿದ್ದೇನೆ, ನೆರಳಲ್ಲಿ. ಎರಡು ದಿನವಾಯಿತು, ಬಣ್ಣ ಇನ್ನೂ ಹೋಗಿಲ್ಲ.