ಗಾಲ್ಫ್ ಬಾಲ್ ತಗೊಳ್ತೀರಾ? ಗ್ರೀನ್ ಕಡೆಯಿಂದ ಶುರು ಮಾಡಿ

ಶಿವಮೊಗ್ಗದ ಅಡಿಕೆ ಮಂಡೀಲಿ ಯಾರೂ ಬರೀ "ಅಡಿಕೆ ರೇಟೆಷ್ಟು" ಅಂತ ಕೇಳಲ್ಲ. ಸರಕಾ, ಬೆಟ್ಟೆನಾ, ರಾಶಿನಾ, ಗೊರಬಲಾ ಅಂತ ಕೇಳಿ, ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡಿ, ಆಮೇಲೆ ಮಾತು. ಅದೇ ಜನ ಗಾಲ್ಫ್ ಬಾಲ್ ತಗೊಳ್ಳೋವಾಗ ಮಾತ್ರ ಟೀವೀಲಿ ಯಾರೋ ಆಡಿದ್ದು ನೋಡಿ ಅದೇ ಡಬ್ಬಿ ಎತ್ಕೊಂಡು ಬರ್ತಾರೆ. ನಾನೂ ಹಂಗೇ ಮಾಡ್ದೋನು. ಅಮೆರಿಕದಿಂದ ಬರೋ ಭಾವನ ಕೈಲಿ ಟೈಟಲಿಸ್ಟ್ ಕಂಪನಿಯ ದುಬಾರಿ ಬಾಲ್ ಪ್ರೊ ವಿ ಒನ್ ಎಕ್ಸ್ ಒಂದು ಡಜನ್ ತರಿಸ್ಕೊಂಡು, ಚಿಕ್ಕಮಗಳೂರಿಗೆ ಹೋಗಿ, ಮೊದಲ ಒಂಬತ್ತು ಹೋಲಲ್ಲೇ ಐದು ಬಾಲ್ ಪೊದೆಗೆ ದಾನ ಮಾಡಿ ಬಂದೆ. ಒಂದೊಂದು ನಾನೂರು ರೂಪಾಯಿ ಆಸುಪಾಸು. ವಾಪಸ್ ಬರ್ತಾ ತರೀಕೆರೆ ದಾಟೋ ತನಕ ಕಾರಲ್ಲಿ ಯಾರೂ ಮಾತಾಡ್ಲಿಲ್ಲ.

ಹಂಗಾಗಿ ಮೊದಲ ಸ್ಟೆಪ್ಪು ಸ್ವಿಂಗೂ ಅಲ್ಲ, ಬ್ರ್ಯಾಂಡೂ ಅಲ್ಲ. ಹಿಂದಿನ ಮೂರು ರೌಂಡಲ್ಲಿ ಎಷ್ಟು ಬಾಲ್ ಕಳ್ಕೊಂಡ್ರಿ ಅಂತ ಪ್ರಾಮಾಣಿಕವಾಗಿ ಎಣಿಸಿ. 18 ಹೋಲಿಗೆ ನಾಲ್ಕರ ಮೇಲೆ ಹೋಗ್ತಿದ್ರೆ ಪ್ರೀಮಿಯಂ ಬಾಲ್ ಸದ್ಯಕ್ಕೆ ಬೇಡ ಮಾರಾಯ್ರೆ, ತಿರುಳು, ಸಿಪ್ಪೆ ಎರಡೇ ಇರೋ ಒಳ್ಳೆ ಟೂ ಪೀಸ್ ಬಾಲ್ ತಗೊಂಡು ಆಡಿ. ಒಂದೆರಡಕ್ಕೆ ಇಳಿದಿದ್ರೆ ಮುಂದೆ ಓದಿ.

ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿರಲಿ. ರೂಲ್ ಪ್ರಕಾರ ಬಾಲ್ 42.67 ಮಿಲಿಮೀಟರ್‌ಗಿಂತ ಚಿಕ್ಕದಿರಬಾರದು, 45.93 ಗ್ರಾಂಗಿಂತ ಭಾರ ಇರಬಾರದು, ಅಲ್ಲಿಗೆ ಎಲ್ಲ ಕಂಪನಿಯೂ ಒಂದೇ ಕಟ್ಟಿನೊಳಗೆ ಆಡ್ಬೇಕು. ವ್ಯತ್ಯಾಸ ಇರೋದು ಒಳಗೆ ಮತ್ತೆ ಸಿಪ್ಪೇಲಿ. ಅಗ್ಗದ್ದಕ್ಕೆ ಸಾಮಾನ್ಯವಾಗಿ ಒಂದು ರಬ್ಬರ್ ತಿರುಳು, ಮೇಲೆ ಅಯನೋಮರ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಸಿಪ್ಪೆ, ಸರ್ಲಿನ್ ಅಂತಾರಲ್ಲ ಅದೇ. ದುಬಾರಿದಕ್ಕೆ ತಿರುಳಿನ ಮೇಲೆ ಗಟ್ಟಿ ಪದರ, ಅದರ ಮೇಲೆ ತೆಳ್ಳಗೆ ಯೂರಿಥೇನ್ ಸಿಪ್ಪೆ, ಹೀಗೆ ಮೂರು ನಾಲ್ಕು ಪದರ, ಟೇಲರ್‌ಮೇಡ್ ಟಿಪಿ ಫೈವ್‌ಗಂತೂ ಐದು. ವೆಡ್ಜಲ್ಲಿ (ಹತ್ತಿರದ ಹೊಡೆತಕ್ಕಿರೋ ಕ್ಲಬ್, ಅಂದ್ರೆ ಗಾಲ್ಫ್ ಕೋಲು) ಹೊಡೆದಾಗ ಕ್ಲಬ್ಬಿನ ಗೆರೆಗೂ ಒಳಗಿನ ಗಟ್ಟಿ ಪದರಕ್ಕೂ ಮಧ್ಯ ಈ ಮೆತ್ತನೆ ಸಿಪ್ಪೆ ಸಿಕ್ಕಾಕ್ಕೊಳ್ಳುತ್ತೆ, ಕ್ಲಬ್ ಅದನ್ನ ಕಚ್ಚುತ್ತೆ, ಅದಕ್ಕೇ ಸ್ಪಿನ್ನು. ದೂರ ಹೊಡೆಯೋ ಕ್ಲಬ್ ಡ್ರೈವರಲ್ಲಿ ಹೊಡೆದ್ರೆ ತಿರುಳೇ ಅಮುಕಿ ಹೋಗೋದ್ರಿಂದ ಸಿಪ್ಪೆ ಆಟ ಅಷ್ಟು ನಡೆಯಲ್ಲ. 2000ದ ಅಕ್ಟೋಬರಲ್ಲಿ ಪ್ರೊ ವಿ ಒನ್ ಬಂದಾಗ ರಬ್ಬರ್ ದಾರ ಸುತ್ತಿದ ಹಳೇ ಬಾಲ್‌ಗಳನ್ನ ದೊಡ್ಡ ಆಟಗಾರರು ಬಿಟ್ಟಿದ್ದು ಇದಕ್ಕೇ, ದೂರನೂ ಹೋಗುತ್ತೆ, ಗ್ರೀನಲ್ಲಿ, ಅಂದ್ರೆ ಗುಳಿ ಸುತ್ತಲ ನುಣ್ಣನೆ ಹುಲ್ಲಲ್ಲಿ, ನಿಲ್ಲುತ್ತೆ ಕೂಡ.

ಅಂದ್ರೆ ನೀವು ಎಕ್ಸ್ಟ್ರಾ ದುಡ್ಡು ಕೊಡ್ತಿರೋದು ಮುಖ್ಯವಾಗಿ ಗ್ರೀನ್ ಸುತ್ತಮುತ್ತಲ ನೂರು ಗಜಕ್ಕೆ. ಪರೀಕ್ಷೆನೂ ಅಲ್ಲೇ ಶುರುವಾಗ್ಬೇಕು. ಎಲ್ಲರೂ ಡ್ರೈವರಿಂದ ಶುರು ಮಾಡ್ತಾರೆ, ಅದೇ ತಪ್ಪು. ರೌಂಡಿಗೆ ಡ್ರೈವರ್ ಹೆಚ್ಚಂದ್ರೆ ಹದಿನಾಲ್ಕು ಸಲ, ಗ್ರೀನ್ ಹತ್ರದಿಂದ ಸಣ್ಣದಾಗಿ ಎತ್ತಿ ಹೊಡೆಯೋ ಚಿಪ್, ಗುಳಿಗೆ ಉರುಳಿಸೋ ಪಟ್ ಎಲ್ಲ ಸೇರಿದ್ರೆ ಅದರ ಮೂರು ಪಟ್ಟು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಿದ್ದು ದೂರ ಹೊಡೆದಲ್ಲ, ಜೊತೆಗೆ ಆಡಿದೋರು ಅವರಿಗಿಂತ ಎಷ್ಟೋ ಮುಂದೆ ಹೊಡೀತಿದ್ರು.

ಪರೀಕ್ಷೆಗೆ ಡಜನ್ ಬೇಡ, ಮೂರು ಬಾಲಿನ ಸಣ್ಣ ಡಬ್ಬಿ ಸಿಗುತ್ತೆ, ಎರಡು ಮೂರು ಥರದ್ದು ತಗೊಳ್ಳಿ. ಬೆಳಿಗ್ಗೆ ಇಬ್ಬನಿ ಇರೋವಾಗ್ಲೇ ಪ್ರಾಕ್ಟೀಸ್ ಗ್ರೀನಿಗೆ ಹೋಗಿ, ಇದು ಮಲೆನಾಡಲ್ಲಿ ಇರೋರಿಗೆ ಪುಕ್ಕಟೆ ಸಿಕ್ಕ ಯಂತ್ರ. ಇಪ್ಪತ್ತು ಹೆಜ್ಜೆಯಿಂದ ಒಂದೇ ವೆಡ್ಜಲ್ಲಿ ಒಂದೊಂದು ಥರದ್ದೂ ಐದೈದು ಚಿಪ್ ಹೊಡೀರಿ. ಬಾಲ್ ಎಲ್ಲಿ ಬಿತ್ತು ಅಂತ ಇಬ್ಬನೀಲಿ ಒಂದು ಕಪ್ಪು ಚುಕ್ಕಿ, ಅಲ್ಲಿಂದ ಎಷ್ಟು ಉರುಳ್ತು ಅಂತ ಒಂದು ಗೆರೆ, ಕಣ್ಣಿಗೆ ಕಟ್ಟಿದಂಗೆ ಕಾಣುತ್ತೆ. ಟೂ ಪೀಸ್ ಬಾಲಿಂದು ಬಸವನಹುಳು ಹೋದಂಗೆ ಉದ್ದ ಗೆರೆ, ಯೂರಿಥೇನಿಂದು ಒಂದೆರಡು ಪುಟಿತ, ಆಮೇಲೆ ಗಿಡ್ಡ ಗೆರೆ. ಪ್ರತಿ ಸಲ ಕ್ಲಬ್ಬೂ ಬಾಲೂ ಒರೆಸ್ಕೊಳ್ಳಿ, ಒದ್ದೆ ಇದ್ರೆ ಎಂಥಾ ಬಾಲಿಗೂ ಸ್ಪಿನ್ ಸರಿಯಾಗಿ ಬರಲ್ಲ. ನಿಮ್ಮ ಚಿಪ್ಪಲ್ಲಿ ಮೂರರ ಗೆರೇನೂ ಒಂದೇ ಉದ್ದ ಇತ್ತು ಅನ್ಕೊಳ್ಳಿ, ಆಗ ದುಬಾರಿ ಬಾಲಿಗೆ ದುಡ್ಡು ಕೊಟ್ಟು ನಿಮಗೆ ಏನೂ ಸಿಗ್ತಿಲ್ಲ ಅಂತ ಅರ್ಥ, ಮೊದಲು ಚಿಪ್ ಕಲೀಬೇಕು.

ಆಮೇಲೆ ಏಳನೇ ನಂಬರ್ ಐರನ್ ಕ್ಲಬ್ ತಗೊಳ್ಳಿ, ಬಾಲ್ ಎಷ್ಟು ಎತ್ತರ ಹೋಗುತ್ತೆ ನೋಡಿ. ತಗ್ಗಲ್ಲೇ ಹೋಗಿ ಗ್ರೀನ್ ಮೇಲೆ ನಿಲ್ಲದೆ ಆಚೆಗೆ ಓಡ್ತಿದ್ರೆ ಎತ್ತರ ಏರೋ ಬಾಲ್ ನೋಡಿ, ಪ್ರೊ ವಿ ಒನ್ ಎಕ್ಸ್ ಆ ಥರದ್ದು, ಸ್ವಲ್ಪ ಗಟ್ಟಿ, ಸ್ಪಿನ್ ಜಾಸ್ತಿ. ಈಗಾಗ್ಲೇ ಆಕಾಶಕ್ಕೆ ಹೊಡೀತೀರ, ಗಾಳಿಗೆ ಸಿಕ್ಕಿ ಬಾಲ್ ನಿಂತೇಬಿಡುತ್ತೆ ಅಂದ್ರೆ ಬರೀ ಪ್ರೊ ವಿ ಒನ್, ಇನ್ನೂ ತಗ್ಗು ಬೇಕಂದ್ರೆ ಅದೇ ಕಂಪನಿಯ ಎವಿಎಕ್ಸ್. ಸ್ಲೈಸ್ (ಬಾಲ್ ಗಾಳೀಲಿ ಬಲಕ್ಕೆ ಬಾಗೋ ಚಾಳಿ) ಇರೋರಿಗೆ ಇನ್ನೊಂದು ಮಾತು, ಸ್ಪಿನ್ ಕಮ್ಮಿ ಇರೋ ಬಾಲ್ ಬಲಕ್ಕೆ ಬಾಗೋದು ಸ್ವಲ್ಪ ಕಮ್ಮಿ, ಅಷ್ಟೇ, ಸ್ಲೈಸ್ ಹೋಗಲ್ಲ. ನನ್ನ ಆ ಐದು ಬಾಲ್ ಯಾಕೆ ಹೋಯ್ತು ಅಂತ ಆಮೇಲೆ ತಿಳೀತು, ನನ್ನಂಥ ಸ್ಲೈಸ್‌ಗಾರನಿಗೆ ಜಾಸ್ತಿ ಸ್ಪಿನ್ ಬಾಲ್, ಬೆಂಕಿಗೆ ತುಪ್ಪ.

ಡ್ರೈವರ್ ಕೊನೆಗೆ. ಇಲ್ಲೇ ಕಂಪ್ರೆಶನ್ ಅನ್ನೋ ಗಲಾಟೆ ಬರೋದು. ಬಾಲ್ ಎಷ್ಟು ಗಟ್ಟಿ ಅನ್ನೋ ಅಂಕಿ ಅದು, ಕ್ಯಾಲವೇ ಸೂಪರ್‌ಸಾಫ್ಟ್ ಥರದ್ದು ನಲವತ್ತರ ಹತ್ರ, ಟೂರ್ ಬಾಲ್‌ಗಳು ತೊಂಬತ್ತರ ಆಸುಪಾಸು. ಡ್ರೈವರ್ ಗಾಳೀಲಿ 200 ಗಜ ಹೋಗ್ತಿದ್ರೆ ನಿಮ್ಮ ಸ್ವಿಂಗ್ ಸ್ಪೀಡ್ ಹೆಚ್ಚುಕಮ್ಮಿ ಗಂಟೆಗೆ 90 ಮೈಲಿ ಅಂದ್ಕೊಳ್ಳಿ. ಬ್ರಿಡ್ಜ್‌ಸ್ಟೋನ್‌ನೋರು 105 ಮೈಲಿಗಿಂತ ಕೆಳಗಿರೋರಿಗೆ ಟೂರ್ ಬಿ ಆರ್‌ಎಕ್ಸ್, ಮೇಲಿರೋರಿಗೆ ಟೂರ್ ಬಿ ಎಕ್ಸ್ ಅಂತ ಬೇರೆ ಮಾಡೇ ಮಾರ್ತಾರೆ. ಟೈಟಲಿಸ್ಟ್‌ನೋರು ಸ್ಪೀಡ್ ನೋಡಿ ಬಾಲ್ ಆರಿಸೋದೇ ಸರಿಯಲ್ಲ ಅಂತಾರೆ. ನಂಗೆ ಎರಡನೇದೇ ಸರಿ ಅನ್ಸುತ್ತೆ. ನಿಧಾನ ಹೊಡೆಯೋನಿಗೆ ಗಟ್ಟಿ ಬಾಲ್ "ಅಮುಕಲ್ಲ" ಅನ್ನೋದು ಅರ್ಧ ಸುಳ್ಳು, ಎಲ್ಲರ ಹೊಡೆತಕ್ಕೂ ಬಾಲ್ ಅಮುಕೇ ಅಮುಕುತ್ತೆ. ಮೆತ್ತಗಿನ ಬಾಲ್ ಕೈಗೆ ಹಿತ ಅನ್ಸಿದ್ರೆ ತಗೊಳ್ಳಿ, ದೂರ ಹೋಗುತ್ತೆ ಅಂತ ತಗೋಬೇಡಿ. ಹಾಂ, ಬಾಲ್ ಮೇಲೆ ಒಂದು ಎರಡು ಮೂರು ಅಂತ ಇರುತ್ತಲ್ಲ, ಅದಕ್ಕೂ ಗಟ್ಟಿತನಕ್ಕೂ ಏನೂ ಸಂಬಂಧ ಇಲ್ಲ, ನಿಮ್ಮ ಬಾಲ್ ಯಾವುದು ಅಂತ ಗುರುತು ಹಿಡಿಯೋಕೆ ಮಾತ್ರ.

ನಮ್ಮ ಕಡೆ ಹವಾಮಾನದ್ದೂ ಲೆಕ್ಕ ಇದೆ. ಮಳೆಗಾಲದಲ್ಲಿ ನೆಲಕ್ಕೆ ಬಿದ್ದ ಬಾಲ್ ಅಲ್ಲೇ ಕೂತ್ಕೊಳ್ಳುತ್ತೆ, ಓಡಿ ದೂರ ಹೋಗೋ ಬಾಲಿಗೆ ಓಡೋಕೆ ಜಾಗನೇ ಇಲ್ಲ, ಹಾಗಾಗಿ ಗಾಳೀಲಿ ದೂರ ಹೋಗೋದೇ ಬೇಕು. ಡಿಸೆಂಬರ್ ಚಳೀಲಿ ಬಾಲ್ ಗಟ್ಟಿಯಾಗಿ ಕೆಲವು ಗಜ ಕಮ್ಮಿ ಹೋಗುತ್ತೆ, ರಾತ್ರಿಯೆಲ್ಲ ಕಾರಿನ ಡಿಕ್ಕೀಲಿ ಬಿಡದೆ ಮನೆ ಒಳಗೆ ಇಟ್ಕೊಳ್ಳಿ. ಆದ್ರೆ ಬಿಸಿನೀರಲ್ಲಿ ಅದ್ದಿ ಆಡೋ ಬುದ್ಧಿವಂತಿಕೆ ಬೇಡ, ಬೇಕಂತ ಬಾಲ್ ಬಿಸಿ ಮಾಡಿ ಆಡೋದು ರೂಲಲ್ಲಿ ತಪ್ಪು. ಕಾಫಿ ಗಿಡದ ನೆರಳಲ್ಲಿ ಹುಡುಕೋಕೆ ಹಳದಿ ಬಾಲ್ ವಾಸಿ, ಬಿಳಿದಕ್ಕೂ ಅದಕ್ಕೂ ಆಟದಲ್ಲಿ ವ್ಯತ್ಯಾಸ ಇಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ ಕೆರೆಯಿಂದ ತೆಗೆದು ತೊಳೆದಿದ್ದು ಪರವಾಗಿಲ್ಲ, ಹೊಸ ಪೇಂಟ್ ಹೊಡೆದಿದ್ದು ಮಾತ್ರ ಬೇಡ. ನಾನು ಆನ್‌ಲೈನಲ್ಲಿ ಒಂದ್ಸಲ ತರಿಸಿದ್ದೆ, ಪಳಪಳ ಹೊಳೀತಿತ್ತು, ಮೂರನೇ ವೆಡ್ಜ್ ಹೊಡೆತಕ್ಕೆ ಬಣ್ಣ ಹಪ್ಪಳದಂಗೆ ಎದ್ದು ಬಂತು, ಅಡಿಯಲ್ಲಿ ಬೇರೆ ಯಾವುದೋ ಕಂಪನಿ ಹೆಸರು!

ಒಂದು ಆರಿಸಿದ ಮೇಲೆ ಹತ್ತು ರೌಂಡ್ ಅದನ್ನೇ ಆಡಿ, ವಾರಕ್ಕೊಂದು ಬಾಲ್ ಬದಲಾಯಿಸಿದ್ರೆ ಚಿಪ್ಪಿನ ಲೆಕ್ಕನೇ ಕೈಗೆ ಕೂರಲ್ಲ. ಯೂರಿಥೇನ್ ಸಿಪ್ಪೆ ಮೇಲೆ ಉಗುರಿಗೆ ಸಿಗೋವಷ್ಟು ಗೀರು ಬಿದ್ರೆ ಆ ಬಾಲ್ ರಿಟೈರ್. ನಮ್ಮನೇಲಿ ಅಂಥವು ಅಡಿಕೆ ಕಣದ ಮೂಲೇಲಿರೋ ಹಳೇ ಬಕೆಟಿಗೆ ಹೋಗುತ್ತೆ, ಸಂಜೆ ತಾಡಪಾಲು ಕಟ್ಟಿ ಅದಕ್ಕೆ ಹೊಡೀತಾ ಇರ್ತೀನಿ, ಅಡಿಕೆ ಹರವಿದ ದಿನ ಮಾತ್ರ ಅಮ್ಮ ಬಿಡಲ್ಲ.